ವೈದ್ಯಕೀಯ ತರಬೇತಿ ಇಲ್ಲದವರಿಗೂ ಕೆಲಸವಿದೆ

ವೈದ್ಯಕೀಯ ತರಬೇತಿ ಇಲ್ಲದ ತಾವು ಎಚ್‌ಐವಿ ತಡೆಗಟ್ಟುವ ಕೆಲಸದಲ್ಲಿ ಸ್ವಯಂಸೇವಕರಾದರೆ ಪ್ರಯೋಜನವಿದೆಯೇ, ಅದರಿಂದ ತಮಗೇನು ದಕ್ಕೀತು ಎಂದು ಕೇಳಿದ್ದೀರಿ. ಪ್ರಯೋಜನ ಖಂಡಿತ ಇದೆ. ಎಚ್‌ಐವಿ ತಡೆಗೆ ದುಡಿಯುವ ಮೈಸೂರಿನ ಆಶೋದಯ ಸಮಿತಿಯನ್ನು ನಡೆಸುತ್ತಿರುವವರು ಲೈಂಗಿಕ ವೃತ್ತಿಯಲ್ಲಿರುವವರೇ. ಕಾಂಡೋಮ್ ಬಳಕೆಯ ವಿಷಯದಲ್ಲಿ ಜೊತೆಗಾರರ ಮಾತು ನಾಟುವಷ್ಟು ಹೊರಗಿನವರ ಭಾಷಣ ನಾಟುವುದಿಲ್ಲ. ಆದ್ದರಿಂದ ತಾವು ಉಪದೇಶದ ಬದಲು ಪರೀಕ್ಷೆಗೆ ಹೋಗುವವರ ಜೊತೆಗೆ ಹೋಗುವ ಕೆಲಸವನ್ನು ಆರಿಸಿಕೊಳ್ಳುವುದು ಲೇಸು.

ಜಿಲ್ಲಾ ಆಸ್ಪತ್ರೆಯ ಐಸಿಟಿಸಿಯಲ್ಲಿ (ಎಚ್‌ಐವಿ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ) ಪರೀಕ್ಷೆ, ಆಪ್ತಸಮಾಲೋಚನೆ ಎರಡೂ ಉಚಿತವಾಗಿದ್ದರೂ, ಚೀಟಿಯನ್ನು ಮಡಚಿ ಮುಷ್ಟಿಯಲ್ಲಿ ಹಿಡಿದು, ಸಾಲಿನಲ್ಲಿ ತಮ್ಮೂರಿನವರು ಯಾರಾದರೂ ಇದ್ದಾರೆಯೇ ಎಂದು ಕಣ್ಣಾಡಿಸಿ, ಬಾಗಿಲಿನಿಂದಲೇ ಹಿಂದಿರುಗುವವರಿದ್ದಾರೆ. ಪಕ್ಕದಲ್ಲಿ ನಂಬಿಕಸ್ಥರೊಬ್ಬರು ಕುಳಿತಿದ್ದರೆ ಅವರಲ್ಲಿ ಹಲವರು ಒಳಗೆ ಹೋಗುತ್ತಾರೆ. ಪರೀಕ್ಷೆಯಲ್ಲಿ ಸೋಂಕು ಕಂಡುಬಂದ ಮೇಲೆ ಎಆರ್‌ಟಿ (ಎಚ್‌ಐವಿಯನ್ನು ಹತೋಟಿಯಲ್ಲಿಡುವ) ಮಾತ್ರೆಗಳನ್ನು ತಪ್ಪದೆ ಸೇವಿಸಿ, ರಕ್ತದಲ್ಲಿ ವೈರಾಣು ಪತ್ತೆಯಾಗದ ಮಟ್ಟದಲ್ಲೇ ಉಳಿಸಿಕೊಂಡವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲವಾದ್ದರಿಂದ, ಹೀಗೆ ಜೊತೆಗಿರುವುದೂ ತಡೆಗಟ್ಟುವ ಕೆಲಸವೇ.

ಪ್ರಮಾಣಪತ್ರದ ಆಸೆಯಿದ್ದರೆ (ಇರಬಾರದೆಂದೇನಿಲ್ಲ) ನಿರಾಸೆಯಾಗಬಹುದು. ದಕ್ಕುವುದು ವಿಶ್ವಾಸ: ಮನೆಯವರಿಗೂ ಹೇಳದ್ದನ್ನು ಒಬ್ಬರು ತಮಗೆ ಹೇಳುತ್ತಾರೆ. ಅದನ್ನು ಒಪ್ಪಿಗೆಯಿಲ್ಲದೆ ಬಹಿರಂಗಪಡಿಸದಂತೆ 2017ರ ಎಚ್‌ಐವಿ ಕಾಯ್ದೆಯೂ ಕಟ್ಟುಪಾಡು ವಿಧಿಸಿದೆ. ಮೊದಲ ಮಾಹಿತಿಗೆ ಉಚಿತ ಸಹಾಯವಾಣಿ 1097ಕ್ಕೆ ಕರೆ ಮಾಡಿರಿ.