ಲೆಕ್ಕದ ಭಯಕ್ಕೆ ಕೋರ್ಸ್ ಬಿಡಲೇ?

ಪ್ರಶ್ನೆ: ಅಪರಾಧಶಾಸ್ತ್ರ ಪದವಿಯ ಕೊನೆಯ ವರ್ಷಕ್ಕೆ ಒಂದು ಐಚ್ಛಿಕ ವಿಷಯ ಆರಿಸಬೇಕು. ಗೆಳತಿಯರೆಲ್ಲ ಸರಣಿ ಕೊಲೆಗಾರರ ಮನೋವಿಜ್ಞಾನಕ್ಕೆ ಹೆಸರು ಕೊಟ್ಟಿದ್ದಾರೆ. ಮೇಷ್ಟ್ರು ಸಂಶೋಧನಾ ವಿಧಾನ ತೆಗೆದುಕೋ ಅನ್ನುತ್ತಾರೆ, ಅದರಲ್ಲಿ ಸಂಖ್ಯಾಶಾಸ್ತ್ರ ಇದೆ. ನನಗೆ ಲೆಕ್ಕ ಅಂದರೆ ಕೈಕಾಲು ನಡುಗುತ್ತದೆ. ಜೈಲಿನಿಂದ ಬಿಡುಗಡೆಯಾದವರ ಪುನರ್ವಸತಿ ಕೆಲಸ ಮಾಡುವ ಆಸೆಯಿದೆ. ಏನು ಮಾಡಲಿ?

ಉತ್ತರ: ನಿಮ್ಮ ಮೇಷ್ಟ್ರ ಮಾತೇ ಸರಿ, ಆದರೆ ಕಣ್ಣುಮುಚ್ಚಿ ಒಪ್ಪಬೇಡಿ. ಒಟ್ಟು ಕೊಲೆಗಳಲ್ಲಿ ಸರಣಿ ಕೊಲೆಗಳ ಪಾಲು ತೀರಾ ಸಣ್ಣದು. ಪುನರ್ವಸತಿಯಲ್ಲಿ ನಿಮ್ಮೆದುರು ಬಂದು ಕೂರುವವರು ಹೆಚ್ಚಾಗಿ ಕಳ್ಳತನ, ಹೊಡೆದಾಟ, ಮಾದಕವಸ್ತುವಿನ ಪ್ರಕರಣದವರು. ಅವರಲ್ಲಿ ಯಾರು ಮತ್ತೆ ತಪ್ಪು ಮಾಡುತ್ತಾರೆ, ಯಾರು ಬಿಡುತ್ತಾರೆ ಎಂಬುದೇ ಅಲ್ಲಿನ ದಿನನಿತ್ಯದ ಪ್ರಶ್ನೆ.

ಲೆಕ್ಕದ ವಿಚಾರಕ್ಕೆ ಬರೋಣ. ಕೂಡಿ ಕಳೆಯುವ ಕೆಲಸ ಸಾಫ್ಟ್‌ವೇರ್‌ನದು. ಆ ಸಂಖ್ಯೆಯನ್ನು ಎಷ್ಟು ನಂಬಬೇಕು ಅನ್ನುವುದು ನಿಮ್ಮದು. ಒಂದು ಉದಾಹರಣೆ ನೋಡಿ. 1945ರಲ್ಲಿ ಹುಟ್ಟಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಬೆಳೆದ 9,945 ಹುಡುಗರ ದಾಖಲೆಗಳನ್ನು ಅಪರಾಧಶಾಸ್ತ್ರಜ್ಞ ಮಾರ್ವಿನ್ ವೋಲ್ಫ್‌ಗ್ಯಾಂಗ್ ಮತ್ತು ಸಂಗಡಿಗರು ಜಾಲಾಡಿದರು. 1972ರಲ್ಲಿ ಫಲಿತಾಂಶ ಪ್ರಕಟವಾಯಿತು: ಕೇವಲ 627 ಹುಡುಗರು, ಅಂದರೆ ಶೇ 6ರಷ್ಟು ಮಂದಿ, ಆ ಹುಡುಗರೆಲ್ಲರ ಅಪರಾಧಗಳಲ್ಲಿ ಅರ್ಧಕ್ಕಿಂತ ಹೆಚ್ಚಿಗೆ ಕಾರಣರು. ಕೇಳಿದ ಕೂಡಲೇ ‘ಹಾಗಾದರೆ ಆ 627 ಮಂದಿಯನ್ನು ಹಿಡಿದಿಟ್ಟರಾಯಿತು’ ಅನ್ನಿಸುತ್ತದೆ. ತಾಳಿ. ಇವು ಪೊಲೀಸರ ದಾಖಲೆಗೆ ಬಂದ ಅಪರಾಧಗಳು ಮಾತ್ರ. ಪೊಲೀಸರು ಯಾವ ಬೀದಿಯಲ್ಲಿ ಹೆಚ್ಚು ತಿರುಗುತ್ತಿದ್ದರು? ಹುಡುಗಿಯರೆಲ್ಲಿ? ಪದೇ ಪದೇ ಸಿಕ್ಕಿಬೀಳುವವರು ಯಾರೆಂದು ಗೊತ್ತಾಗಿದ್ದು ಎಲ್ಲ ಮುಗಿದ ಮೇಲಲ್ಲವೇ, ಮೊದಲೇ ಗುರುತಿಸುವುದು ಹೇಗೆ? ಹೀಗೆ ಕೇಳಲು ಕಲಿಸುವುದೇ ಆ ಕೋರ್ಸ್. ಇದಕ್ಕೆ ಶೇಕಡಾವಾರು ಗೊತ್ತಿದ್ದರೆ ಶುರು ಮಾಡಲು ಸಾಕು.

ಹೆಸರು ಕೊಡುವ ಮೊದಲು ಪಾಠಪಟ್ಟಿ ತರಿಸಿಕೊಂಡು ಅಂಕಗಳ ಹಂಚಿಕೆ ನೋಡಿ. ಮುಕ್ಕಾಲು ಪಾಲು ಅಂಕ ಸೂತ್ರ ಬಾಯಿಪಾಠ ಮಾಡಿ ಬರೆಯುವ ಪರೀಕ್ಷೆಗೇ ಇದ್ದರೆ ನಾನೂ ಬೇಡ ಎನ್ನುತ್ತೇನೆ. ನಿಜವಾದ ದತ್ತಾಂಶದ ಮೇಲೆ ಎರಡು ಮೂರು ಅಸೈನ್‌ಮೆಂಟ್ ಇದ್ದರೆ ಧಾರಾಳವಾಗಿ ಸೇರಿ. ಮೂಲ ಸಂಖ್ಯಾಶಾಸ್ತ್ರ ಓದಿರಲೇಬೇಕು ಎಂಬ ಷರತ್ತು ಇದೆಯೇ ಅಂತಲೂ ವಿಚಾರಿಸಿ.

ಬಹಳ ಮಂದಿ ಎಡವುವ ಜಾಗ ಇನ್ನೊಂದಿದೆ: ಪ್ರಾಜೆಕ್ಟ್. ಉತ್ಸಾಹದಲ್ಲಿ ‘ಕೈದಿಗಳ ಸಂದರ್ಶನ’ ಎಂದು ಬರೆದುಕೊಡುತ್ತಾರೆ. ಅದಕ್ಕೆ ಸಂಶೋಧನೆಯಿಂದ ಯಾರಿಗೂ ಹಾನಿಯಾಗದಂತೆ ನೋಡಿಕೊಳ್ಳುವ ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಒಪ್ಪಿಗೆ ಬೇಕು, ಜೈಲು ಆಡಳಿತದ ಅನುಮತಿ ಬೇರೆ. ಎರಡೂ ಕೈಸೇರುವ ಹೊತ್ತಿಗೆ ಸೆಮಿಸ್ಟರೇ ಮುಗಿದಿರುತ್ತದೆ. ಕೊನೆಗೆ ನಾಲ್ಕು ಪುಸ್ತಕ ನೋಡಿ ಏನೋ ಒಂದು ಗೀಚುವ ಗತಿ. ಅಧ್ಯಾಪಕರ ಬಳಿ ಅನುಮತಿ ಈಗಾಗಲೇ ಇದ್ದರೆ ಸರಿ, ಇಲ್ಲದಿದ್ದರೆ ಈಗಾಗಲೇ ಪ್ರಕಟವಾಗಿರುವ ದತ್ತಾಂಶ ಆರಿಸಿಕೊಳ್ಳಿ.

ಗೆಳತಿಯರಿಂದ ದೂರವಾಗುತ್ತೇನೆ ಅನ್ನುವ ಅಳುಕಿದ್ದರೆ, ವಾರಕ್ಕೆ ಮೂರ್ನಾಲ್ಕು ಗಂಟೆಯ ತರಗತಿಯಿಂದ ಸ್ನೇಹವೇನೂ ಹೋಗದು. ಕೋರ್ಸ್ ಬದಲಿಸಲು ಕೊನೆಯ ದಿನ ಯಾವುದೆಂದು ಕಚೇರಿಯಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಅದಕ್ಕೆ ಮುಂಚೆ ಎರಡೂ ತರಗತಿಗಳಲ್ಲಿ ಒಂದೊಂದು ದಿನ ಕುಳಿತು ನೋಡಿ. ಮೊದಲ ಅಸೈನ್‌ಮೆಂಟ್ ಕೈಗೆ ಬಂದ ಮೇಲೂ ನಡುಕ ನಿಲ್ಲದಿದ್ದರೆ, ಆ ದಿನಾಂಕದೊಳಗೆ ಬದಲಿಸಿಬಿಡಿ.