ಓದುಗರ ಪ್ರಶ್ನೆ: ಇಸ್ತ್ರಿಪೆಟ್ಟಿಗೆ, ತಾಮ್ರ, ಸುಣ್ಣ

ಪ್ರಶ್ನೆ: ತೋಟದ ಟ್ಯಾಂಕಿ ತುಂಬಿದ ಕೂಡಲೇ ಪಂಪು ನಿಲ್ಲಿಸುವ ಸಣ್ಣ ಸರ್ಕ್ಯೂಟಿಗೆ ಮನೆಯಲ್ಲೇ ಬೋರ್ಡ್ ಮಾಡುತ್ತಿದ್ದೇನೆ. ಸರ್ಕ್ಯೂಟಿನ ಗೆರೆಗಳ ಪ್ರಿಂಟ್ ತೆಗೆದು, ತಾಮ್ರದ ಪದರ ಇರುವ ಬೋರ್ಡಿನ ಮೇಲೆ ಮಗುಚಿಟ್ಟು ಇಸ್ತ್ರಿಪೆಟ್ಟಿಗೆಯಲ್ಲಿ ಒತ್ತಿದರೆ ಅರ್ಧ ಗೆರೆ ತಾಮ್ರಕ್ಕೆ ಅಂಟುತ್ತದೆ, ಅರ್ಧ ಕಾಗದದಲ್ಲೇ ಉಳಿಯುತ್ತದೆ. ಮೂರು ಬೋರ್ಡ್ ಹಾಳಾಯ್ತು. – ಪ್ಲಸ್ ಟು ವಿದ್ಯಾರ್ಥಿ, ಬದಿಯಡ್ಕ

ಉತ್ತರ: ಮೂರೇ ಅಲ್ವಾ, ಪರವಾಗಿಲ್ಲ. ಮೊದಲು ಪ್ರಿಂಟ್ ಯಾವುದರಲ್ಲಿ ತೆಗೆದಿರಿ ನೋಡಿ. ಲೇಸರ್ ಪ್ರಿಂಟರ್ ಅಥವಾ ಝೆರಾಕ್ಸ್ ಆಗಬೇಕು, ಯಾಕೆಂದರೆ ಟೋನರ್ ಅಂದರೆ ಪ್ಲಾಸ್ಟಿಕ್ ಪುಡಿ, ಬಿಸಿಗೆ ಕರಗಿ ತಾಮ್ರಕ್ಕೆ ಹಿಡಿಯುವುದು ಅದೇ. ಇಂಕ್‌ಜೆಟ್ ಶಾಯಿ ಅಂಟುವುದಿಲ್ಲ. ಕಾಗದ ನುಣುಪಾದ್ದು ಬೇಕು, ಓದಿ ಮುಗಿಸಿದ ಮೇಲೆ ನಮ್ಮ ಪತ್ರಿಕೆಯ ಮುಖಪುಟವೂ ಆದೀತು (ಓದುವ ಮೊದಲು ಬೇಡ). ಮಳೆಗಾಲದಲ್ಲಿ ನಮ್ಮಲ್ಲಿ ಕಾಗದವೂ ತಂಡಿ ಹಿಡಿದಿರುತ್ತದೆ, ಸ್ವಲ್ಪ ಬಿಸಿ ಮಾಡಿ ಒಣಗಿಸಿಕೊಳ್ಳಿ.

ನಿಮ್ಮ ತೊಂದರೆ ಹೆಚ್ಚಾಗಿ ತಾಮ್ರದ್ದೇ ಇರಬೇಕು. ಹೊಸ ಬೋರ್ಡ್ ಹೊಳೆಯುತ್ತಿದ್ದರೂ ಅದರ ಮೇಲೆ ಕೈಯ ಜಿಡ್ಡು ಇರುತ್ತದೆ. ಪಾತ್ರೆ ತಿಕ್ಕುವ ಸ್ಕ್ರಬ್ಬರಿನಲ್ಲಿ ಸೋಪು ಹಾಕಿ ಉಜ್ಜಿ, ತೊಳೆದು, ಒರೆಸಿ, ಆಮೇಲೆ ಅಂಚು ಹಿಡಿದೇ ಎತ್ತಿ. ಇಸ್ತ್ರಿಪೆಟ್ಟಿಗೆ ಕಾಟನ್ ಬಿಸಿಯಲ್ಲಿರಲಿ, ಹಬೆ ಬೇಡ. ಮೂರು ನಾಲ್ಕು ನಿಮಿಷ ಭಾರ ಹಾಕಿ ಒತ್ತಿ. ಎಲ್ಲರೂ ನಡುವೆ ಒತ್ತುತ್ತಾರೆ, ಏಳುವುದು ಮಾತ್ರ ಮೂಲೆಗಳು, ಹಾಗಾಗಿ ಪೆಟ್ಟಿಗೆಯ ತುದಿಯಿಂದ ಅಂಚುಗಳನ್ನು ಬೇರೆಯಾಗಿ ಒತ್ತಿ. ಮುಗಿದ ಮೇಲೆ ಕಾಗದ ಎಳೆಯಬೇಡಿ! ತಣಿದ ಮೇಲೆ ಹತ್ತಿಪ್ಪತ್ತು ನಿಮಿಷ ನೀರಲ್ಲಿ ನೆನೆಹಾಕಿ, ಕಾಗದ ಮೆತ್ತಗಾದಾಗ ಹೆಬ್ಬೆರಳಲ್ಲಿ ಉಜ್ಜಿ ತೆಗೆಯಿರಿ. ಅಲ್ಲಲ್ಲಿ ಗೆರೆ ತುಂಡಾಗಿದ್ದರೆ ಪರ್ಮನೆಂಟ್ ಮಾರ್ಕರಿನಲ್ಲಿ ತುಂಬಿ. ಕಲಿಯುವಾಗ ಗೆರೆ 1 ಮಿಲಿಮೀಟರ್ ಅಗಲ ಇರಲಿ, ಸುಮ್ನೆ ಸಪೂರ ಮಾಡಿ ಕಷ್ಟಪಡಬೇಡಿ.

ಇನ್ನೊಂದು. ಬೋರ್ಡಿನ ಮೂಲೆಯಲ್ಲಿ ಒಂದು ಅಕ್ಷರ ಬರೆಯಿರಿ. ತಾಮ್ರದ ಮೇಲೆ ಅದು ನೇರ ಓದಬೇಕಾದರೆ ಕಾಗದದಲ್ಲಿ ಉಲ್ಟಾ ಕಾಣಬೇಕು. ನನ್ನ ಮೊದಲ ಬೋರ್ಡಿನಲ್ಲಿ ಇದು ಗೊತ್ತಿಲ್ಲದೆ 555 ಐಸಿಯ (ಟೈಮರ್ ಚಿಪ್) ಕಾಲುಗಳೆಲ್ಲ ಅದಲುಬದಲಾಗಿ, ಕೊನೆಗೆ ಐಸಿಯನ್ನು ತಾಮ್ರದ ಬದಿಗೇ ಬೆಸೆದು ಮರ್ಯಾದೆ ಉಳಿಸಿಕೊಂಡೆ. ಪಂಪಿನ ಮೇನ್ಸ್ ಕರೆಂಟ್ ಮಾತ್ರ ಈ ಬೋರ್ಡಿಗೆ ತರಬೇಡಿ, ಆ ಜೋಡಣೆ ಎಲೆಕ್ಟ್ರಿಷಿಯನ್ ಕೈಯಲ್ಲೇ ಆಗಲಿ.

ಪ್ರಶ್ನೆ: ಮಗ ಬೋರ್ಡ್ ತೊಳೆದ ಕಂದು ನೀರನ್ನು ಬಾವಿಕಟ್ಟೆಯ ಹತ್ತಿರ ಚೆಲ್ಲುತ್ತಾನೆ. ಕೇಳಿದರೆ, ಅಡಕೆಗೆ ನಾವು ಬಿಡುವ ಮದ್ದಿನಲ್ಲೂ ತಾಮ್ರ ಇಲ್ವಾ ಅನ್ನುತ್ತಾನೆ. ಹೌದಾ? – ಒಬ್ಬ ತಾಯಿ, ಪೆರ್ಲ

ಉತ್ತರ: ಮಗ ಜಾಣ, ಅರ್ಧ ಸರಿ ಹೇಳಿದ್ದಾನೆ. ಮಹಾಳಿಗೆ, ಅಂದರೆ ಅಡಕೆಯ ಕೊಳೆರೋಗಕ್ಕೆ, ಬಿಡುವ ಬೋರ್ಡೋ ಮದ್ದಿನಲ್ಲಿ ಮೈಲುತುತ್ತು ಇದೆ, ಅದರಲ್ಲಿ ತಾಮ್ರವೂ ಇದೆ. ಆದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು ಹಾಕಿದರೆ 1 ಕಿಲೋ ಸುಣ್ಣವನ್ನೂ ಹಾಕುತ್ತೀರಿ ಅಲ್ವಾ? ಆ ಸುಣ್ಣ ತಾಮ್ರವನ್ನು ಕಟ್ಟಿಹಾಕುತ್ತದೆ. ಬೋರ್ಡಿನಲ್ಲಿ ಟೋನರ್ ಮುಚ್ಚದ ತಾಮ್ರವನ್ನು ಕರಗಿಸಿ ಗೆರೆ ಮಾತ್ರ ಉಳಿಸಲು ಬಳಸುವ ಫೆರಿಕ್ ಕ್ಲೋರೈಡ್ ನೀರು ಹಾಗಲ್ಲ, ಅದು ಹುಳಿ (ಆಮ್ಲೀಯ), ಅದರಲ್ಲಿ ತಾಮ್ರ ಕರಗಿಯೇ ಇರುತ್ತದೆ. ನಮ್ಮದು ಮುರಕಲ್ಲಿನ ನೆಲ, ಮೇಲೆ ಹೊಯ್ದದ್ದು ಬಾವಿಗೆ ಇಳಿಯಲು ಜಾಸ್ತಿ ಹೊತ್ತು ಬೇಡ.

ಹಾಗಾದರೆ ಏನು ಮಾಡುವುದು? ಅದನ್ನು ಚೆಲ್ಲುವುದೇ ಬೇಡ, ಪ್ಲಾಸ್ಟಿಕ್ ಕ್ಯಾನಿನಲ್ಲಿ ಹೆಸರು ಬರೆದಿಟ್ಟರೆ ಎಷ್ಟೋ ಬೋರ್ಡಿಗೆ ಆಗುತ್ತದೆ. ಕುಡಿಯುವ ನೀರಿನ ಬಾಟಲಿಯಲ್ಲಿ ಇಡಬೇಡಿ, ಅಲ್ಯೂಮಿನಿಯಂ ಪಾತ್ರೆಯನ್ನಂತೂ ಅದು ತಿಂದೇಬಿಡುತ್ತದೆ. ಪೂರ್ತಿ ಮುಗಿದಾಗ ಹಳೆ ಬಕೆಟಿನಲ್ಲಿ ಸುಣ್ಣದ ನೀರನ್ನು ಸ್ವಲ್ಪ ಸ್ವಲ್ಪವೇ ಬೆರೆಸಿ. ಪರೀಕ್ಷೆ ನಿಮಗೆ ಗೊತ್ತಿರುವುದೇ: ಮದ್ದು ಸರಿಯಾಗಿದೆಯಾ ಅಂತ ಹೊಳೆಯುವ ಕತ್ತಿ ಅದ್ದಿ ನೋಡುತ್ತಾರಲ್ಲ, ಹಾಗೇ. ಕಬ್ಬಿಣಕ್ಕೆ ಕೆಂಪು ತಾಮ್ರ ಹತ್ತಿದರೆ ಇನ್ನಷ್ಟು ಸುಣ್ಣ ಬೇಕು. ಹತ್ತದಿದ್ದರೆ ರಾತ್ರಿಯಿಡೀ ಬಿಡಿ, ಕೆಸರು ತಳಕ್ಕೆ ಕೂರುತ್ತದೆ. ಅದನ್ನು ಒಣಗಿಸಿ ಕಟ್ಟಿ, ಅಪಾಯಕಾರಿ ಕಸ ಅಂತ ಹೇಳಿಯೇ ಪಂಚಾಯತಿನವರಿಗೆ ಕೊಡಿ. ಮಗನ ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ. ಬಟ್ಟೆಗೆ ಬಿದ್ದರೆ ಅಡಕೆ ಚೊಗರಿನ ಕಲೆಯ ಹಾಗೆ, ಹೋಗುವುದಿಲ್ಲ.

ಪ್ರಶ್ನೆ: ಆನ್‌ಲೈನಿನಲ್ಲಿ ಕಳಿಸಿದರೆ ಕಾರ್ಖಾನೆಯವರೇ ಮಾಡಿಕೊಡುತ್ತಾರೆ. ಈ ಒದ್ದಾಟ ಯಾಕೆ? – ಮಂಜೇಶ್ವರದ ಓದುಗರು

ಉತ್ತರ: ಎರಡೂ ಬದಿ ಗೆರೆ ಇದ್ದರೆ, ಸಣ್ಣ ಕಾಲಿನ ಐಸಿ ಇದ್ದರೆ ಕಳಿಸಿಬಿಡಿ. ಒಂದೇ ಬದಿಯ ಬೋರ್ಡ್, ಇವತ್ತು ಸಂಜೆಗೇ ಬೇಕು ಅಂದರೆ ಇಸ್ತ್ರಿಪೆಟ್ಟಿಗೆಯೇ ಸೈ. ನಾಳೆ ಬಿಳಿ ಅಂಗಿಗೆ ಇಸ್ತ್ರಿ ಹಾಕುವ ಮೊದಲು ಅದರ ತಳ ಒರೆಸಿಕೊಳ್ಳಿ.