ಸರಣಿಯ ಸಂಖ್ಯೆಯನ್ನಲ್ಲ, ಪ್ರಸಾರದ ದಿನಾಂಕವನ್ನು ನೋಡಿ

ಮೂವರು ಮುದುಕರ ಅಲೆದಾಟದ ಕಥೆಯಾದ, ಇಂಗ್ಲೆಂಡಿನ 'ಲಾಸ್ಟ್ ಆಫ್ ದಿ ಸಮರ್ ವೈನ್' ಹಾಸ್ಯ ಧಾರಾವಾಹಿಯ 31 ಸರಣಿಗಳನ್ನೂ ಒಂದರಿಂದ ಕ್ರಮವಾಗಿ ನೋಡಿ ಮುಗಿಸುವುದು ಹೇಗೆಂದು ಕೇಳಿದ್ದೀರಿ. ನಾನೂ ಹೀಗೆಯೇ ಸರಣಿಗಳ ಪಟ್ಟಿ ಬರೆದಿಟ್ಟುಕೊಂಡು ಕುಳಿತವನು; ದಾರಿ ತಪ್ಪಿಸಿದ್ದು ಆ ಪಟ್ಟಿಯೇ.

ಎಂಟನೆಯ ಸರಣಿ ಬಿಬಿಸಿಯಲ್ಲಿ ಬಂದದ್ದು 1985ರಲ್ಲಿ, ಒಂಬತ್ತನೆಯದು 1987ರಲ್ಲಿ. ಎಂಟು ಮುಗಿದೊಡನೆ ನಾನು ನೇರವಾಗಿ ಒಂಬತ್ತಕ್ಕೆ ಹೋದೆ. ಅಲ್ಲಿಯವರೆಗೆ ತನ್ನ ಸೇನಾ ಪ್ರತಾಪವನ್ನು ಕೊಚ್ಚಿಕೊಳ್ಳುತ್ತಿದ್ದ, ಮೂವರಲ್ಲೊಬ್ಬನಾದ ಫಾಗಿ ಮಾಯವಾಗಿ, ಆ ಜಾಗದಲ್ಲಿ ಸೇಮೋರ್ ಎಂಬ ಮಾಜಿ ಮುಖ್ಯೋಪಾಧ್ಯಾಯ ಏನೇನೋ ಯಂತ್ರಗಳನ್ನು ಜೋಡಿಸುತ್ತ ನಿಂತಿದ್ದ. 295 ಕಂತುಗಳನ್ನೂ ಒಬ್ಬರೇ ಬರೆದ ರಾಯ್ ಕ್ಲಾರ್ಕ್ ಇಲ್ಲಿ ಎಡವಿದರೆಂದು ತೀರ್ಮಾನಿಸಿ, ವರ್ಷಗಟ್ಟಲೆ ಅದರ ಗೋಜಿಗೇ ಹೋಗಲಿಲ್ಲ. ಅವರು ಎಡವಿರಲಿಲ್ಲ. 1986ರ ಜನವರಿ 1ರಂದು ಪ್ರಸಾರವಾದ ವಿಶೇಷ ಕಂತಿನಲ್ಲಿ ಎಲ್ಲಕ್ಕೂ ವಿವರಣೆಯಿದೆ: ಮೊಟ್ಟೆಗಳಿಗೆ ಬಣ್ಣ ಬಳಿಯುವ ಮನೆತನದ ಉದ್ಯಮವನ್ನು ವಹಿಸಿಕೊಳ್ಳಲು ಫಾಗಿ ಬ್ರಿಡ್ಲಿಂಗ್ಟನ್‌ಗೆ ಹೋಗಿದ್ದಾನೆ, ಸೇಮೋರ್ ಮದುವೆಮನೆಯಲ್ಲಿ ವಧು ಗ್ಲೆಂಡಾಳ ಸೋದರಮಾವನಾಗಿ ಕಥೆಯೊಳಗೆ ಬರುತ್ತಾನೆ. ಹಬ್ಬದ ದಿನಗಳಿಗೆಂದು ಮಾಡಿದ ಇಂಥ ಕಂತುಗಳು ಸರಣಿಗಳ ಲೆಕ್ಕಕ್ಕೆ ಸೇರುವುದಿಲ್ಲ, ಆದರೆ ಕಥೆ ತಿರುಗುವುದು ಹಲವೊಮ್ಮೆ ಅಲ್ಲಿಯೇ. 1983ರ ಡಿಸೆಂಬರಿನಲ್ಲಿ ಬಂದ ಚಲನಚಿತ್ರದಷ್ಟು ಉದ್ದದ 'ಗೆಟಿಂಗ್ ಸ್ಯಾಮ್ ಹೋಮ್' ಸಹ ನನ್ನ ಪಟ್ಟಿಯಿಂದ ತಪ್ಪಿಹೋಗಿತ್ತು. ನನ್ನ ಪಾಲಿಗೆ ಇಡೀ ಧಾರಾವಾಹಿಯಲ್ಲಿ ಅದಕ್ಕಿಂತ ಉತ್ತಮವಾದುದಿಲ್ಲ.

ಆದ್ದರಿಂದ ಪ್ರಸಾರದ ದಿನಾಂಕದಂತೆ ನೋಡಿ. ಆರಂಭವೂ ಮೊದಲ ಸರಣಿಯಲ್ಲ. 1973ರ ಜನವರಿ 4ರಂದು 'ಕಾಮಿಡಿ ಪ್ಲೇಹೌಸ್' ಮಾಲಿಕೆಯಲ್ಲಿ ಬಂದ ಪ್ರಾಯೋಗಿಕ ಕಂತು. ಮೊದಲ ಸರಣಿ ಆ ವರ್ಷದ ನವೆಂಬರಿನದು. ಆಗ ಆ ಮೂವರು ಮುದುಕರಲ್ಲಿ ಒಬ್ಬನ ಪಾತ್ರ ಮಾಡಿದವರು ನಮ್ಮ ಝಾನ್ಸಿಯಲ್ಲಿ ಹುಟ್ಟಿದ ಮೈಕೆಲ್ ಬೇಟ್ಸ್.

ಎಲ್ಲವನ್ನೂ ಮುಗಿಸಲೇಬೇಕೆಂಬ ನಿಮ್ಮ ಹಟವನ್ನು ಮಾತ್ರ ನಾನು ಒಪ್ಪುವುದಿಲ್ಲ. ಮೂವರಲ್ಲಿ ಇನ್ನೊಬ್ಬನಾದ ಕಾಂಪೋ ಪಾತ್ರದ ಬಿಲ್ ಓವನ್ 1999ರ ಜುಲೈಯಲ್ಲಿ ತೀರಿಕೊಂಡರು. ಅವರು ಅದಾಗಲೇ ನಟಿಸಿದ್ದ ಕಂತುಗಳು 2000ದಲ್ಲಿ ಪ್ರಸಾರವಾದವು. ಅವುಗಳ ಬೆನ್ನಿಗೇ ಕಾಂಪೋನ ಸಾವು ಮತ್ತು ಅಂತ್ಯಕ್ರಿಯೆಯ ಮೂರು ಕಂತುಗಳು ಬಂದವು. ಅವನ್ನು ನೋಡಿ ನಿಲ್ಲಿಸಿದರೂ ನಷ್ಟವಿಲ್ಲ. ಧಾರಾವಾಹಿ 2010ರ ಆಗಸ್ಟ್ 29ರವರೆಗೆ ನಡೆಯಿತು, ನಿಜ. ಆದರೆ ಕೊನೆಯ ಎರಡು ಸರಣಿಗಳಲ್ಲಿ, ವಿಮೆಯ ವೆಚ್ಚದಿಂದಾಗಿ, ವಯಸ್ಸಾಗಿದ್ದ ನಟರಾದ ಪೀಟರ್ ಸಾಲಿಸ್ ಮತ್ತು ಫ್ರಾಂಕ್ ಥಾರ್ನ್‌ಟನ್ ಒಳಾಂಗಣದ ದೃಶ್ಯಗಳಿಗಷ್ಟೇ ಸೀಮಿತರಾದರು. ಚಿತ್ರೀಕರಣ ನಡೆದ ಹೋಮ್‌ಫರ್ತ್ ಊರಿನ ಗುಡ್ಡಗಳಲ್ಲಿ ಆ ಮುದುಕರು ಅಲೆಯುವುದನ್ನು ನೋಡಲೆಂದೇ ಕೂರುವ ನನ್ನಂಥವನಿಗೆ ಅದು ಬೇಡ.